ಹೊತ್ತು ಮುಳುಗುವ ಮೊದಲು

ತೊಂದರೆ ಶುರುವಾದದ್ದು ಕೆನಡಾದ ವೀಸಾ ಕಚೇರಿಯ ನಾಲ್ಕು ಸಾಲಿನ ಒಂದು ಮೇಲ್‌ನಿಂದ. ಲಾಟರಿ ಹೊಡೆದ ಶುಭಾಶಯಗಳ ನಡುವೆ, ಫೋನಿನ ಕಸದ ಬುಟ್ಟಿಯಲ್ಲಿ ಆರು ದಿನ ಬಿದ್ದಿದ್ದ ಅದು ಶ್ರೇಣಿಕನ ಕಣ್ಣಿಗೆ ಬಿದ್ದದ್ದು ಏಳನೆಯ ದಿನ. ‘ನೀವು ಗಂಡ ಹೆಂಡತಿಯಾಗಿ ಒಬ್ಬರಿಗೊಬ್ಬರು ಮಾತನಾಡುತ್ತೀರಿ ಎನ್ನುವುದಕ್ಕೆ ಪುರಾವೆ ಕಳುಹಿಸಿ. ಏಳು ದಿನ ಅವಕಾಶ.’

ಶ್ರೇಣಿಕನಿಗೆ ರಬಕವಿಯಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ. ಹೆಂಡತಿ ಮಾನಸಿ ಕೆನಡಾದ ರೆಜೈನಾ ಎಂಬ ಊರಿನಲ್ಲಿ ಬೇಳೆಕಾಳು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದಳು. ಮದುವೆಯಾದ ಮೇಲೆ ಇಬ್ಬರೂ ಜೊತೆಗಿದ್ದದ್ದು ಇಪ್ಪತ್ತಮೂರು ದಿನ. ಗಂಡನನ್ನು ಖಾಯಂ ಆಗಿ ಅಲ್ಲಿಗೆ ಕರೆಸಿಕೊಳ್ಳಲು ಅವಳು ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು. ಸಮೀರವಾಡಿ ಕಾರ್ಖಾನೆಯ ಮುಂದೆ ಸಾಲು ನಿಂತ ಕಬ್ಬಿನ ಟ್ರ್ಯಾಕ್ಟರ್ ಸಹ ಬೆಳಗಾಗುವುದರೊಳಗೆ ನಾಲ್ಕು ಮಾರು ಮುಂದೆ ಸರಿಯುತ್ತದೆ. ಈ ಅರ್ಜಿ ಮಾತ್ರ ಇಟ್ಟಲ್ಲೇ ಬೇರು ಬಿಟ್ಟಿತ್ತು. ಒಂದು ನಟ್ಟು ಕೊಳ್ಳಲು ಬಂದವನೂ ಮೊದಲು ‘ಕಾಗದ ಬಂತೇನಪಾ?’ ಎಂದು ಕೇಳಿ, ಆಮೇಲೆ ನಟ್ಟು ಕೇಳುತ್ತಿದ್ದ.

ಇಲ್ಲಿ ಬೆಳಿಗ್ಗೆ ಹನ್ನೊಂದು, ಅಲ್ಲಿ ನಡುರಾತ್ರಿ. ಮಲಗಿದವಳನ್ನು ಎಬ್ಬಿಸಲು ಶ್ರೇಣಿಕನಿಗೆ ಮನಸ್ಸಾಗಲಿಲ್ಲ. ಅಂಗಡಿಯ ಬಾಗಿಲೆಳೆದು ಪರಮಾನಂದನ ಆನ್‌ಲೈನ್ ಸೆಂಟರಿಗೆ ಓಡಿದ. ಅಲ್ಲಿ ಪಕ್ಕದ ಮನೆಯ ಬಸಗೊಂಡಪ್ಪ ಮಾಸ್ತರರು ತಾವು ಇನ್ನೂ ಬದುಕಿರುವ ಬಗ್ಗೆ ಪಿಂಚಣಿಯವರಿಗೆ ಪ್ರಮಾಣಪತ್ರ ಮಾಡಿಸಲು ಕೂತಿದ್ದರು. ಬದುಕಿರುವುದಕ್ಕೆ ಸಾಕ್ಷಿಯೆಂಬಂತೆ ಹೆಂಡತಿ ಸಾವಿತ್ರೆವ್ವ ಪಕ್ಕದಲ್ಲಿದ್ದರು. ಅವರ ಹಿಂದೆ ರೇಷನ್ ಕಾರ್ಡು ಮಾಡಿಸಲು ಬಂದ ಜಕ್ಕಪ್ಪ.

ಪರಮಾನಂದ ಶ್ರೇಣಿಕನ ಫೋನಿನಿಂದ ಒಂದು ವರ್ಷದ ಸಂದೇಶಗಳನ್ನೆಲ್ಲ ಪ್ರಿಂಟಿಗೆ ಹಾಕಿದ. ಮೊದಲ ಹಾಳೆಯನ್ನು ಮಾಸ್ತರರೇ ಎತ್ತಿಕೊಂಡರು. ಯಾರದೇ ಹಾಳೆಯಾಗಲಿ, ತಪ್ಪು ಹುಡುಕದೆ ಬಿಡುವುದು ಅವರ ಜಾಯಮಾನವಲ್ಲ.

ಹಾಳೆಯ ತುಂಬ ಎರಡೇ ಸಂಗತಿ. ಅವನದು ‘6.15’, ಅವಳದು ‘ಆತು’. ಅವನದು ‘6.13’, ಅವಳದು ‘ಆತು’. ಎರಡನೆಯ ಹಾಳೆ ಹಾಗೆಯೇ, ಇಪ್ಪತ್ತನೆಯದೂ ಹಾಗೆಯೇ.

ಮಾಸ್ತರರು ಕನ್ನಡಕ ಇಳಿಸಿ, “ಲೇ ಶ್ರೇಣಿಕ, ಯಾವಾಗಿಂದ ಓಸಿ ಆಡಾಕತ್ತೀದಿ?” ಎಂದರು.

ನಂಬರಿನ ಜೂಜಿನ ಮಾತು ಬಂದದ್ದೇ ತಡ, ತಿಮ್ಮಾಪುರದ ಬೇಟೆನಾಯಿ ಮೊಲದ ವಾಸನೆ ಹಿಡಿದಂತೆ ಜಕ್ಕಪ್ಪ ಮುಂದೆ ಬಂದು, ಕೊನೆಯ ನಂಬರನ್ನು ಅಂಗೈಯಲ್ಲಿ ಬರೆದುಕೊಂಡ.

ಶ್ರೇಣಿಕ ಬೆವರು ಒರೆಸಿಕೊಳ್ಳುತ್ತ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಅವನ ಮನೆಯವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ದೂರ ದೇಶದಲ್ಲೂ ವ್ರತ ಬಿಡುವುದಿಲ್ಲವೆಂದು ಮಾನಸಿ ಅತ್ತೆಗೆ ಮಾತು ಕೊಟ್ಟು ಹೋಗಿದ್ದಳು. ಆದರೆ ಆ ಊರಿನ ಸೂರ್ಯನಿಗೆ ಶಿಸ್ತಿಲ್ಲ. ಡಿಸೆಂಬರಿನಲ್ಲಿ ಐದಕ್ಕೆ ಮೊದಲೇ ಮುಳುಗುತ್ತಾನೆ, ಜೂನಿನಲ್ಲಿ ಒಂಬತ್ತಾದರೂ ಮುಳುಗುವುದಿಲ್ಲ. ಕೆಲಸದ ಗಡಿಬಿಡಿಯಲ್ಲಿ ಅವಳು ಒಮ್ಮೆ ಹೊತ್ತು ತಪ್ಪಿ ಉಪವಾಸ ಮಲಗಿದಳು. ಅಂದಿನಿಂದ ಶ್ರೇಣಿಕ ಪ್ರತಿ ಸಂಜೆ ರೆಜೈನಾದ ಸೂರ್ಯಾಸ್ತ ಎಷ್ಟಕ್ಕೆಂದು ನೋಡಿ ಬರೆಯುತ್ತಿದ್ದ. ಅವಳು ಉಂಡ ಮೇಲೆ ‘ಆತು’ ಎನ್ನುತ್ತಿದ್ದಳು. ನಸುಕಿನಲ್ಲಿ ಎದ್ದು ಆ ಎರಡಕ್ಷರ ನೋಡಿದ ಮೇಲೆಯೇ ಇವನು ಬಾಯಿ ತೊಳೆಯಲು ಹೋಗುತ್ತಿದ್ದದ್ದು.

“ಛಲೋ ಆತು,” ಎಂದರು ಮಾಸ್ತರರು, “ಹವಾಮಾನ ಇಲಾಖೆ ನಡಸೀರಿ. ಸಂಸಾರ ಎಲ್ಲೈತಿ ಇದರಾಗ?”

ಮಾತಿಗೆ ಐತವಾರದ ಫೋನಿತ್ತು. ಆದರೆ ಆ ಫೋನನ್ನು ಶ್ರೇಣಿಕನ ತಾಯಿ ಹೀರಾ ಎರಡನೆಯ ನಿಮಿಷಕ್ಕೇ ಇಸಿದುಕೊಂಡು, ಸೊಸೆ ಜೈನರಿಗೆ ಆಗದ ಗಜ್ಜರಿ, ಬಟಾಟೆ ಮುಟ್ಟಿಲ್ಲ ತಾನೇ ಎಂದು ವಿಚಾರಣೆಗೆ ಕೂರುತ್ತಿದ್ದಳು.

ಹಾಳೆಗಳು ಮುಗಿದಾಗ ಸೆಂಟರಿನಲ್ಲಿದ್ದವರೆಲ್ಲ ಸೇರಿ ತೀರ್ಪು ಕೊಟ್ಟಾಗಿತ್ತು: ಬರೀ ನಂಬರು ಕಳಿಸಿದರೆ ಅರ್ಜಿ ಮುಳುಗಿದ ಹಾಗೆ. ಹಳೆಯದನ್ನು ತಿದ್ದಿದರೆ ಸುಳ್ಳಾಗುತ್ತದೆ. ಇವತ್ತಿನ ತಾರೀಕಿನಲ್ಲಿ ಒಂದು ಪುಟವಾದರೂ ಪ್ರೀತಿ ಇರಲೇಬೇಕು. ನಾಲ್ಕಕ್ಕೆ ಕರೆಂಟು ಹೋಗುತ್ತದೆ, ಮತ್ತೆ ಬರುವುದು ರಾತ್ರಿಗೇ ಎಂದು ಪರಮಾನಂದ ನೆನಪಿಸಿದ. ಶ್ರೇಣಿಕ ಫೋನು ಹಿಡಿದು ಅರ್ಧ ತಾಸು ಕೂತ. ಕೊನೆಗೆ ‘ಅರಾಮ ಅದಿಯಾ’ ಎಂದು ಬರೆದು, ಅತಿಯಾಯಿತೇನೋ ಎನಿಸಿ ಅಳಿಸಿದ.

ಮಾಸ್ತರರಿಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು, ಕನ್ನಡದಲ್ಲಿ ಒಮ್ಮೆಯೂ ಮನಸ್ಸು ಬಿಚ್ಚಿದವರಲ್ಲ. ಫೋನು ಕಸಿದುಕೊಂಡು ಬರೆಯತೊಡಗಿದರು. ‘ಹೃದಯೇಶ್ವರಿ’ ಎಂದು ಶುರುವಾದದ್ದು, ‘ನಿನ್ನ ಮಂದಹಾಸದ ಬೆಳದಿಂಗಳಿಲ್ಲದೆ ಈ ಚಕೋರ ಬಳಲಿದೆ’ ಎಂದು ಹರಿದು, ಕಾಲುವೆ ಒಡೆದಂತೆ ಹನ್ನೊಂದು ಸಂದೇಶಗಳಾಯಿತು. ಒಂದೊಂದು ಹೋದಾಗಲೂ ಸಾವಿತ್ರೆವ್ವ ಗಂಡನ ಮುಖವನ್ನು ಹೊಸಬರನ್ನು ನೋಡಿದಂತೆ ನೋಡುತ್ತಿದ್ದರು. ಬೇಡವೆನ್ನಲು ಶ್ರೇಣಿಕ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಜಕ್ಕಪ್ಪ, “ಬಿಡ್ರಿ, ಬರೀಲಿ, ಬಾಳ ಛಂದ ಬರಾಕತ್ತೈತಿ” ಎಂದು ಅವನ ಭುಜ ಒತ್ತಿ ಕೂರಿಸಿದ.

ಇನ್ನು ಅಲ್ಲಿ ಮಲಗಿದವಳು ಎದ್ದು ಉತ್ತರ ಕೊಡಬೇಕಿತ್ತು. ಗಡಿಯಾರ ಮೂರೂ ಐವತ್ತೈದು ತೋರಿಸುವಾಗ ಫೋನು ಗುಂಯ್‌ಗುಟ್ಟಿತು. ಕರೆಂಟಿಗೆ ಇನ್ನೈದೇ ನಿಮಿಷ. ಪರಮಾನಂದ ಉತ್ತರ ಓದಲೂ ನಿಲ್ಲದೆ, ಬಂದ ಪುಟವನ್ನು ಬಂದ ಹಾಗೆ ಹಿಡಿದು, ಹಾಳೆಗಳ ತುದಿಗೆ ಸೇರಿಸಿ, ಯಂತ್ರದಿಂದ ಇಂಗ್ಲಿಷ್ ಮಾಡಿಸಿ, ಕಳುಹಿಸುವ ಗುಂಡಿ ಒತ್ತಿಬಿಟ್ಟ. ಪರದೆಯ ಮೇಲೆ ಧನ್ಯವಾದ ಮೂಡಿತು. ಫ್ಯಾನು ನಿಂತಿತು. ಆ ನಿಶ್ಶಬ್ದದಲ್ಲಿ ಶ್ರೇಣಿಕ ಹೆಂಡತಿಯ ಉತ್ತರವನ್ನು ಓದಿದ.

‘ಯಾರ್ರಿ ನೀವು? ನೀವು ನನ್ನ ಗಂಡ ಅಲ್ಲ. ನಮ್ಮವರು ಹಿಂಗ ಮಾತಾಡಂಗಿಲ್ಲ. ಅವರ ಫೋನ್ ಅವರಿಗೆ ಕೊಡ್ರಿ.’

ಹದಿನಾಲ್ಕು ತಿಂಗಳು ಕಾದದ್ದು, ಹೆಂಡತಿಯೇ ಕೈಯಾರೆ ‘ನೀವು ನನ್ನ ಗಂಡ ಅಲ್ಲ’ ಎಂದು ಬರೆದುಕೊಟ್ಟದ್ದನ್ನು ಕಳಿಸುವುದಕ್ಕೆ. ಮಾಸ್ತರರು ಕನ್ನಡಕ ಒರೆಸುತ್ತ, ವ್ಯಾಕರಣದ ತಪ್ಪಂತೂ ಇಲ್ಲ ಎಂದರು.

ಅಷ್ಟರಲ್ಲಿ ಹೀರಾ ಅರ್ಧ ಓಣಿಯನ್ನು ಬೆನ್ನಿಗೆ ಕಟ್ಟಿಕೊಂಡು, ಕೈಯಲ್ಲಿ ಲಟ್ಟಣಿಗೆ ಹಿಡಿದು ಬಂದಳು. ಗಂಡನ ಫೋನನ್ನು ಕಳ್ಳರು ಹೊಡೆದಿದ್ದಾರೆ, ಗಂಡನಿಗೆ ಏನಾಗಿದೆಯೋ ಎಂದು ಸೊಸೆ ಅಲ್ಲಿಂದ ಅತ್ತು ಫೋನು ಮಾಡಿದ್ದಳಂತೆ. ಮಗನ ಕೈಕಾಲು ಮುಟ್ಟಿ ನೋಡಿ ಎಲ್ಲ ಸರಿಯಿದೆ ಎಂದಾದ ಮೇಲೆ ಹೀರಾಳಿಗೆ ಸಿಟ್ಟು ಬಂತು. ತನ್ನ ಫೋನನ್ನು ಅವನ ಕಿವಿಗೆ ಒತ್ತಿದಳು, “ಮಾತಾಡು. ನಿನ್ನ ದನಿ ಕೇಳಿದ್ರ ಅಷ್ಟ ನಂಬತಾಳಂತ.”

ಶ್ರೇಣಿಕ ಗಂಟಲು ಸರಿಮಾಡಿಕೊಂಡ. “ಇವತ್ತ 6.11,” ಎಂದ.

ಆ ಕಡೆ ಮಾನಸಿ ಮೂಗು ಒರೆಸಿಕೊಂಡ ಸದ್ದು. ಇವನು ನಡೆದದ್ದನ್ನೆಲ್ಲ ಹೇಳಿದ. ಅವಳು ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು, “ಆ ಮೇಲ್ ನನಗೂ ಬಂದಿತ್ತು. ಆ ನಂಬರನ್ನೆಲ್ಲ ನಾನು ನಾಕ ದಿನದ ಹಿಂದೇ ಕಳಿಸೀನಿ, ಸೂರ್ಯಾಸ್ತದ ಪಟ್ಟಿ ಜೋಡಿಸಿ. ಐತವಾರ ಹೇಳಾಕತ್ತಿದ್ದೆ. ಅಷ್ಟರಾಗ ಅತ್ತಿ ಬಟಾಟಿ ವಿಚಾರಕ್ಕ ಬಂದ್ರು.”

ಹೀರಾ ಲಟ್ಟಣಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡಳು.

ಹನ್ನೆರಡನೆಯ ದಿನ ಆ ಕಚೇರಿಯಿಂದ ಪತ್ರ ಬಂತು. ಮಾನಸಿ ಕಳಿಸಿದ ಮೊದಲ ಕಟ್ಟಿನ ಬಗ್ಗೆ ತಮಗೆ ಯಾವ ಅನುಮಾನವೂ ಇಲ್ಲ ಎಂದಿದ್ದರು. ದಿನ ತಪ್ಪದೆ ಹೆಂಡತಿಯ ಊರಿನ ಸೂರ್ಯನನ್ನು ಕಾಯುವವನು ಗಂಡನೇ ಇರಬೇಕು. ಆದರೆ ಎರಡನೆಯ ಕಟ್ಟಿನಲ್ಲಿ ಅರ್ಜಿದಾರಳಿಗೆ ಹನ್ನೊಂದು ಪ್ರೇಮ ಸಂದೇಶ ಬರೆದ ಇನ್ನೊಬ್ಬ ವ್ಯಕ್ತಿ ಯಾರು? ಆತ ತನ್ನ ಕೈಯಾರೆ ಸಹಿ ಮಾಡಿದ ಪ್ರಮಾಣಪತ್ರ ಬರುವವರೆಗೆ ಅರ್ಜಿ ಇದ್ದಲ್ಲೇ ಇರುತ್ತದೆ.

ಶ್ರೇಣಿಕ ಜಮಖಂಡಿಗೆ ಹೋಗಿ ವಕೀಲರಿಂದ ಪ್ರಮಾಣಪತ್ರ ಬರೆಸಿಕೊಂಡು ಬಂದು ಮಾಸ್ತರರ ಮುಂದಿಟ್ಟ. ಅವರು ಪೆನ್ನು ತೆರೆದದ್ದೇ, ಸಾವಿತ್ರೆವ್ವ ಪತ್ರದ ಮೇಲೆ ಕೈಯಿಟ್ಟರು.

“ನಲವತ್ತೊಂದ ವರ್ಷ ಆತು ಇವರ ಮನಿ ಹೊಕ್ಕು. ನನಗ ಒಂದ ಅಕ್ಷರ ಬರದಿಲ್ಲ. ಮೊದಲ ನನಗ ಒಂದ ಪತ್ರ ಬರೀಲಿ, ಆಮ್ಯಾಲ ಸಹಿ.”

ಮಾಸ್ತರರು ಮೂರು ದಿನ ಖಾಲಿ ಹಾಳೆಯ ಮುಂದೆ ಕೂತರು. ಚಕೋರ ಬರಲಿಲ್ಲ, ಬೆಳದಿಂಗಳೂ ಬರಲಿಲ್ಲ. ಊರ ಸೊಸೆಗೆ ಹನ್ನೊಂದು ಬರೆದ ಕೈಗೆ ಸ್ವಂತ ಹೆಂಡತಿಗೆ ಒಂದು ಶಬ್ದ ಹೊಳೆಯಲಿಲ್ಲ. ಕೊನೆಗೆ ಶ್ರೇಣಿಕನೇ ಕನಿಕರಪಟ್ಟು, “ಸುಮ್ಮನ ಟೈಮ್ ಬರೀರಿ ಮಾಸ್ತರ, ನಡೀತೈತಿ,” ಎಂದ. ಅವರು ದಪ್ಪ ಅಕ್ಷರದಲ್ಲಿ ‘6.04’ ಎಂದು ಬರೆದು ಹೆಂಡತಿಯ ಕೈಗೆ ಕೊಟ್ಟರು.

ಸಾವಿತ್ರೆವ್ವ ಹಾಳೆಯನ್ನು ದೂರ ಹಿಡಿದು ಓದಿದರು. “ಅಂದ್ರ, ಹೊತ್ತ ಮುಳುಗೂದ್ರೊಳಗ ನಾ ಉಣಬೇಕು ಅಂತ?”

“ಹೂಂ.”

“ಛಲೋ ಆತು. ಹಂಗಾದ್ರ ಅಡಗಿ ಯಾರ ಮಾಡಾವ್ರು?”

ಹೀಗಾಗಿ ಈಗ ರಬಕವಿಯಲ್ಲಿ ಬಸಗೊಂಡಪ್ಪ ಮಾಸ್ತರರು ದಿನಾ ಐದಕ್ಕೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಕಲಿಯುತ್ತಿದ್ದಾರೆ. ದುಂಡಗಿನ ಒಂದು ರೊಟ್ಟಿ ಎದ್ದ ದಿನ ಪ್ರಮಾಣಪತ್ರಕ್ಕೆ ಸಹಿ ಎಂದು ಸಾವಿತ್ರೆವ್ವ ಮಾತು ಕೊಟ್ಟಿದ್ದಾರೆ. ನಿನ್ನೆಯದು ಶ್ರೀಲಂಕೆಯ ಆಕಾರದ ಮಟ್ಟಿಗೆ ಬಂದಿತ್ತು. ಶ್ರೇಣಿಕ ಅಂಗಡಿ ಬೇಗ ಮುಚ್ಚಿ, ಪಕ್ಕದಲ್ಲಿ ನಿಂತು ಹಿಟ್ಟು ನಾದಿಕೊಡುತ್ತಾನೆ. ಕೈ ತೊಳೆದುಕೊಂಡು ಎಂದಿನಂತೆ ಮಾನಸಿಗೆ ‘5.40’, ‘5.38’ ಎಂದು ಬರೆಯುತ್ತಾನೆ.

ಇವತ್ತು ನಸುಕಿನಲ್ಲಿ ಉತ್ತರ ಎಂದಿಗಿಂತ ಉದ್ದವಿತ್ತು. ಅವನು ಹಾಸಿಗೆಯಲ್ಲೇ ಎದ್ದು ಕೂತು ಎರಡು ಸಲ ಓದಿದ.

‘ಆತು. ಮಾಸ್ತರ ರೊಟ್ಟಿ ಆತ?’