ವಂಚಕರ ಅರ್ಜಿ ಪರಿಶೀಲನೆಯಲ್ಲಿದೆ

ಸಿದ್ಧಾರ್ಥನಗರದ ನಮ್ಮ ಮನೆಗೆ ಹಾಲಿನವನು ಒಂದು ದಿನ ತಪ್ಪಿಸಿಯಾನು, ಸುಳ್ಳು ಇ-ಮೇಲ್ ಮಾತ್ರ ತಪ್ಪುವುದಿಲ್ಲ. ಕಳೆದ ವರ್ಷ ಅಂಥದ್ದೊಂದನ್ನು ನಂಬಿ ನನ್ನ ಹೆಂಡತಿ ಪಾಸ್‌ವರ್ಡ್ ಕೊಟ್ಟುಬಿಟ್ಟಳು. ಅವಳ ಮೇಲ್ ಖಾತೆಯೇ ಹೋಯಿತು, ಜೊತೆಗೆ ಹಳೆಯ ಗೆಳತಿಯರ ಪತ್ರಗಳೂ ಹೋದವು. ಅಂದಿನಿಂದ, “ನಂಗೆಲ್ಲಿ ಬುದ್ಧಿ ಇದೆ ಬುಡಿ” ಎಂದು ಕಂಪ್ಯೂಟರ್ ಮುಟ್ಟುವುದನ್ನೇ ನಿಲ್ಲಿಸಿದಳು. ಆ ವಂಚಕರನ್ನು ಸುಮ್ಮನೆ ಬಿಡಬಾರದು ಎನಿಸಿತು ನನಗೆ.

ನಾನು ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಆ ವಿದ್ಯೆಯನ್ನು ಒಂದು ಚಾಟ್‌ಬಾಟಿಗೆ ಧಾರೆ ಎರೆದೆ. “ನೀನೀಗ ಹಿರಿಯ ಗುಮಾಸ್ತ. ಯಾರ ಮೇಲೂ ರೇಗಬೇಡ, ಯಾರ ಕೆಲಸವನ್ನೂ ಮಾಡಿಕೊಡಬೇಡ” ಎಂದೆ. ಅದು ಬರೆದ ಉತ್ತರಗಳನ್ನು ಇದಕ್ಕೆಂದೇ ತೆರೆದ ಹೊಸ ವಿಳಾಸದಿಂದ ವಂಚಕರಿಗೆ ಕಳಿಸತೊಡಗಿದೆ.

೧. ಶ್ರೀಮಂತ ವಿಧವೆ

ಯಾವುದೋ ದೇಶದ ವಿಧವೆಯೊಬ್ಬಳು ತನ್ನ ಆಸ್ತಿಯನ್ನೆಲ್ಲ ನನಗೇ ಬರೆದುಕೊಡುತ್ತೇನೆಂದಳು. ಚಾಟ್‌ಬಾಟ್ ಬಹಳ ಮರ್ಯಾದೆಯಿಂದ ವಂಶವೃಕ್ಷ, ಗಂಡನ ಡೆತ್ ಸರ್ಟಿಫಿಕೇಟ್, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳಿತು. ಮೂರು ದಿನ ಬಿಟ್ಟು ಡೆತ್ ಸರ್ಟಿಫಿಕೇಟ್ ಬಂತು. ಗಂಡ ಸತ್ತ ತಾರೀಖು ಮುಂದಿನ ತಿಂಗಳಿನದು. ಅವರು ತೀರಿಕೊಂಡ ಮೇಲೆ ಮತ್ತೆ ಅರ್ಜಿ ಹಾಕಿ ಎಂದು ಚಾಟ್‌ಬಾಟ್ ಸಮಾಧಾನ ಹೇಳಿತು.

೨. ಮೂರು ಟೇಬಲ್

ಇನ್ನೊಬ್ಬ ನನ್ನನ್ನು ವಿದೇಶಿ ಕೆಲಸಕ್ಕೆ ಆರಿಸಿದ. ಇದು ಈ ಟೇಬಲ್ಲಿನ ವಿಷಯವಲ್ಲ, ಎರಡನೇ ಟೇಬಲ್ಲಿಗೆ ಬರೆಯಿರಿ ಎಂದಿತು ಚಾಟ್‌ಬಾಟ್. ನಾನು ಇನ್ನೆರಡು ವಿಳಾಸ ತೆರೆದೆ. ಎರಡನೆಯದು ಅವನನ್ನು ಮೂರನೆಯದಕ್ಕೆ, ಮೂರನೆಯದು ಮೊದಲನೆಯದಕ್ಕೆ ಕಳಿಸಿತು. ಎರಡು ವಾರ ಸುತ್ತಿದ ಮೇಲೆ ಅವನು, ಎರಡನೇ ಟೇಬಲ್ಲಿನವರೊಬ್ಬರೇ ಒಳ್ಳೆಯವರು, ಉಳಿದಿಬ್ಬರ ಮೇಲೆ ದೂರು ಕೊಡುತ್ತೇನೆ ಎಂದು ಬರೆದ.

ನನ್ನ ನಗು ಕೇಳಿ ಹೆಂಡತಿ ಅಡುಗೆಮನೆಯಿಂದ ಬಂದು ಎಲ್ಲವನ್ನೂ ಓದಿದಳು. “ನಿಮ್ಮ ಆಫೀಸಲ್ಲೂ ಹಿಂಗೇ ಇತ್ತಾ?” ಎಂದಳು. ಅದು ನನ್ನ ಟೇಬಲ್ಲಿನ ಪ್ರಶ್ನೆಯಲ್ಲ ಎಂದು ಜಾರಿಕೊಂಡೆ.

೩. ಹಳೆಯ ಪರಿಚಯ

ಆಮೇಲೊಂದು ದಿನ ಅವಳಿಗೆ ಮೋಸ ಮಾಡಿದ್ದ ಅದೇ ಇ-ಮೇಲ್ ಒಂದಕ್ಷರವೂ ಬದಲಾಗದೆ ಬಂತು: ಇಂದೇ ಖಾತೆ ಮುಚ್ಚುತ್ತದೆ, ಪಾಸ್‌ವರ್ಡ್ ಕೊಡಿ. ಅವಳ ಮುಖ ಸಣ್ಣದಾಯಿತು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ.

ಕೂತಳು. ಚಾಟ್‌ಬಾಟಿನಿಂದ ದಿನಕ್ಕೊಂದು ದಾಖಲೆ ಕೇಳಿಸಿದಳು. ಮೊದಲು ಕೇಳುವವರ ಗುರುತಿನ ಚೀಟಿ, ಆಮೇಲೆ ಮೇಲಧಿಕಾರಿಯ ಸಹಿ, ಆಮೇಲೆ ಇಬ್ಬರು ಸಾಕ್ಷಿಗಳು. ಆ ವಂಚಕನೂ ಬಿಡದೆ ಒಂದೊಂದನ್ನೇ ಕಳಿಸಿದ. ಹತ್ತನೇ ದಿನ ಸೋತು ಬರೆದ: “ಮೇಡಂ, ನಾವು ಇನ್ನು ನಿಮಗೆ ಬರೆಯುವುದಿಲ್ಲ. ದಯವಿಟ್ಟು ನೀವೂ ನಮಗೆ ಬರೆಯಬೇಡಿ.”

ನನಗೆ ಕುಣಿಯುವಷ್ಟು ಖುಷಿಯಾಯಿತು. ಅವಳು ಮಾತ್ರ ಗಂಭೀರವಾಗಿ ಚಾಟ್‌ಬಾಟನ್ನು ಪಕ್ಕಕ್ಕೆ ಸರಿಸಿ, ವರ್ಷದ ಮೇಲೆ ಮೊದಲ ಬಾರಿಗೆ ತಾನೇ ಟೈಪ್ ಮಾಡಿದಳು:

“ನಿಮ್ಮ ಕೋರಿಕೆ ತಲುಪಿದೆ. ಅದನ್ನು ನಿಗದಿತ ನಮೂನೆಯಲ್ಲಿ, ಎರಡು ಪ್ರತಿಗಳಲ್ಲಿ, ಫೋಟೊ ಅಂಟಿಸಿ ಸಲ್ಲಿಸಿ. ಅಲ್ಲಿಯವರೆಗೆ ನಮ್ಮ ಪತ್ರಗಳು ಬರುತ್ತಲೇ ಇರುತ್ತವೆ.”