ಮೀನಿನ ತೊಟ್ಟಿಯ ಹಿಂದೆ ಏನಿರಬೇಕು ಎಂಬ ಬಗ್ಗೆ

ಇಂದ:
ಸಿದ್ಧಾರೂಢ, ಬಿ.ಎ.,
ಶಲವಡಿ (ಸದ್ಯ ಜೀವಂತ).

ಗೆ:
ಶ್ರೀಮತಿ ರೋಹಿಣಿಯವರು,
ಅರ್ಜಿದಾರನ ಹೆಂಡತಿ ಹಾಗೂ ಆರು ಮೀನುಗಳ ಒಡತಿ,
ಬಿಡಾರ: ತವರುಮನೆ, ಅಳ್ನಾವರ.

ವಿಷಯ: ತೊಟ್ಟಿಯ ಹಿಂಬದಿ ಚಿತ್ರದ ಬಗ್ಗೆ ತಡವಾಗಿ ಉತ್ತರ ಸಲ್ಲಿಸಿ, ತಾವು ಮನೆಗೆ ಮರಳಲು ಕೋರುವ ಕುರಿತು.

ಉಲ್ಲೇಖ: ೧) ತಮ್ಮ ಮೌಖಿಕ ಪ್ರಶ್ನೆ: "ಹಿಂದ ಕಾಡು ಹಚ್ಚೂಣೋ, ಸಮುದ್ರ ಹಚ್ಚೂಣೋ?"
೨) ಅದೇ ಪ್ರಶ್ನೆಯ ಹನ್ನೊಂದು ದಿನಗಳ ಜ್ಞಾಪನ.
೩) ಸೋಮವಾರ ಮಧ್ಯಾಹ್ನ ತಾವು ಬಾಗಿಲು ಎಳೆದುಕೊಂಡ ಸದ್ದು.

ಮಾನ್ಯರೇ,

೧. ಸದರಿ ಪ್ರಶ್ನೆಗೆ ಅರ್ಜಿದಾರನು ಹನ್ನೊಂದು ದಿನ ಏನೂ ಹೇಳಲಿಲ್ಲ. ಹನ್ನೆರಡನೆಯ ದಿನ ತಾವು, "ಸಂಜೀತನಕಾ ಹೇಳ್ರಿ, ಇಲ್ಲಾಂದ್ರ ನಾ ಕಾಡು ಹಚ್ಚಾಕಿ" ಎಂದು ಅಂತಿಮ ನೋಟಿಸು ನೀಡಿದಿರಿ. ಆದ್ದರಿಂದ ಗಾಬರಿಗೊಂಡ ಅರ್ಜಿದಾರನು ಅಣ್ಣಿಗೇರಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಅಕೀಲನಿಗೆ ವಾಟ್ಸಪ್ಪಿನಲ್ಲಿ "ಎರಡು ಅಡಿ ಅಗಲ, ಪೂರಾ ಕರೀದು" ಎಂದು ಬರೆದನು.

೨. ಅಕೀಲ ಕೂಡಲೇ ಫೋನ್ ಮಾಡಿ, "ಪೂರಾ ಕರೀದು? ಯಾರ್ರೀ ಹೋಗಿದ್ದು?" ಎಂದು ಕೇಳಿದ. ಅರ್ಜಿದಾರನು ರೂಢಿಯಂತೆ ಸುಮ್ಮನಿದ್ದನು.

೩. ಅಕೀಲನ ಅಂಗಡಿಯಲ್ಲಿ ಹುಟ್ಟುಹಬ್ಬಕ್ಕೆ ಹಳದಿ, ಮದುವೆಗೆ ಗುಲಾಬಿ. ಕರಿ ಬಣ್ಣ ಒಂದೇ ಕಾರಣಕ್ಕೆ. ಫೋನಿನಲ್ಲಿ ಉಸಿರು ಕೇಳಿತು, ಮಾತು ಬರಲಿಲ್ಲ. ಈ ಕಾರಣದಿಂದ, ಮನೆಯವರಾರೋ ಬಿಕ್ಕುತ್ತ ಫೋನ್ ಹಿಡಿದಿದ್ದಾರೆ, ಹೋದವನು ಫೋನಿನ ಒಡೆಯನೇ ಎಂದು ಅವನು ತೀರ್ಮಾನಿಸಿದ. ದುಃಖದಲ್ಲಿದ್ದವರನ್ನು ಕೆದಕುವುದು ಅವನ ಸ್ವಭಾವವಲ್ಲ. ಆದ್ದರಿಂದ ವಾಟ್ಸಪ್ಪಿನಲ್ಲಿದ್ದ ಅರ್ಜಿದಾರನ ಫೋಟೋವನ್ನೇ ತೆಗೆದು, ಎರಡು ದೀಪ, ಒಂದು ಪಾರಿವಾಳ ಸೇರಿಸಿ, "ಭಾವಪೂರ್ಣ ಶ್ರದ್ಧಾಂಜಲಿ" ಎಂದು ಅಚ್ಚು ಹಾಕಿದ.

೪. ಸೋಮವಾರ ಅವನೇ ಫ್ಲೆಕ್ಸಿನ ಸುರುಳಿ ಮತ್ತು ಸೇವಂತಿಗೆ ಹಾರದೊಂದಿಗೆ ಬಂದು ಬಾಗಿಲಲ್ಲಿ ನಿಂತು, "ವೈನಿ, ಧೈರ್ಯಾ ತಗೋರಿ. ಅಣ್ಣಾರು ಇದ್ದಾಗನೂ ಭಾಳ ಮಾತಾಡ್ತಿದ್ದಿಲ್ಲ. ಮನಿ ಈಗೂ ಭಾಳ ಬ್ಯಾರೆ ಅನಸಂಗಿಲ್ಲ ನೋಡ್ರಿ" ಎಂದು ತಮ್ಮನ್ನು ಸಂತೈಸುತ್ತಿದ್ದಾಗ, ಅರ್ಜಿದಾರನು ಚಹಾದ ಬಸಿ ಹಿಡಿದು ಹೊರಬಂದನು. ಅಕೀಲ ಹಾರವನ್ನು ಕೈಬಿಟ್ಟ. ತಾವು, "ಇರ್ಲಿ, ಹಾರಾ ಇಟ್ಟ ಹೋಗ್ರಿ ಅಕೀಲಣ್ಣಾ, ಇವರಿಗೆ ಹಾಕೇ ನೋಡೂಣು" ಎಂದು ಹೊಸ್ತಿಲ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ.

೫. ನಗು ಮುಗಿದ ಮೇಲೆ ತಾವು, "ಖರೇ ಹೇಳ್ರಿ, ಕರೀದ್ಯಾಕ?" ಎಂದಿರಿ. ಅರ್ಜಿದಾರನು ಬಸಿಯನ್ನೇ ನೋಡುತ್ತ ನಿಂತನು. ಆಗ ತಾವು, "ನೀವೂ ಮಾತಾಡಂಗಿಲ್ಲ, ಮೀನೂ ಮಾತಾಡಂಗಿಲ್ಲ, ಹಿಂದಿನ ಹಾಳೀನೂ ಕರೀದು! ಈ ಮನ್ಯಾಗ ನಾ ಯಾರ ಕೂಡ ಇರ್ಲಿ?" ಎಂದು ಚೀಲ ತೆಗೆದುಕೊಂಡು ಬಸ್ಸು ಹತ್ತಿದಿರಿ.

೬. ಅರ್ಜಿದಾರನ ತಾಯಿ ಶಿವಗಂಗವ್ವನವರು, "ಛಲೋ ಹಾಳಿ ಐತಿ, ಒಗಿಯೂದ್ಯಾಕಲೇ? ಫೋಟೋನೂ ಛಂದ ಬಂದೈತಿ" ಎಂದು ಅದನ್ನೇ ತೊಟ್ಟಿಯ ಹಿಂದೆ ಅಂಟಿಸಿದ್ದಾರೆ. ಈ ಕಾರಣದಿಂದ, ನಾಲ್ಕು ದಿನದಿಂದ ಆರು ಮೀನುಗಳೂ ಅರ್ಜಿದಾರನ ಮೀಸೆಯ ಮೇಲೆ ಓಡಾಡುತ್ತಿವೆ. ಸಕ್ಕರೆ ಕಡ ಕೇಳಲು ಬಂದ ನೆರೆಯವರು ಚಪ್ಪಲಿ ಬಿಟ್ಟು, ತೊಟ್ಟಿಗೆ ಕೈಮುಗಿದು, ಪಕ್ಕದಲ್ಲೇ ಕುಳಿತ ಅರ್ಜಿದಾರನನ್ನು ಗಮನಿಸದೆ ಹೋಗುತ್ತಿದ್ದಾರೆ.

೭. ಈಗ ಉತ್ತರ. ತೊಟ್ಟಿ ಇರುವುದು ನಡುಮನೆಗೂ ಅಡುಗೆಮನೆಗೂ ನಡುವಿನ ಗಿಡ್ಡ ಗೋಡೆಯ ಮೇಲೆ. ಹಿಂದೆ ಏನೂ ಇಲ್ಲದಿದ್ದಾಗ ನೀರಿನ ಆಚೆ ತಾವು ರೊಟ್ಟಿ ಬಡಿಯುವುದು ಕಾಣುತ್ತಿತ್ತು. ತಮ್ಮ ಕೈಬಳೆಯ ಮುಂದೆ ಒಂದು ಮೀನು, ಕಿವಿಯ ಹತ್ತಿರ ಇನ್ನೊಂದು. ಕಾಡು ಹಚ್ಚಿದರೂ ಅದು ಮುಚ್ಚುತ್ತದೆ, ಸಮುದ್ರ ಹಚ್ಚಿದರೂ ಮುಚ್ಚುತ್ತದೆ. ಏನೂ ಬೇಡ ಎಂದರೆ ತಾವು ಯಾಕೆ ಎಂದು ಕೇಳುತ್ತೀರಿ. ಯಾಕೆ ಎಂಬುದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅರ್ಜಿದಾರನಿಗೆ ಇರಲಿಲ್ಲ. ಆದ್ದರಿಂದ ಕಾರಣ ಕೇಳದ ಬಣ್ಣವೆಂದು ನಂಬಿ ಕರೀದು ಎಂದನು. ಅದೂ ತಮ್ಮನ್ನು ಮುಚ್ಚುತ್ತದೆಂಬುದು ಗಾಬರಿಯಲ್ಲಿ ಹೊಳೆಯಲಿಲ್ಲ.

೮. ತಮ್ಮನ್ನು ಹಿನ್ನೆಲೆ ಎಂದು ಕರೆದಂತೆ ಭಾವಿಸಬಾರದು. ತಮ್ಮ ಕಡೆಯಿಂದ ನೋಡಿದರೆ ಅರ್ಜಿದಾರನೇ ಹಿನ್ನೆಲೆ.

ಆದ್ದರಿಂದ ಫ್ಲೆಕ್ಸನ್ನು ಈ ದಿನ ಕಿತ್ತು ಗಾಜು ಒರೆಸಿಡಲಾಗಿದೆ. ಆಚೆ ಬದಿ ಖಾಲಿ ಇದೆ. ದಯಮಾಡಿ ಬರಬೇಕು.

ತಮ್ಮ, ಇನ್ನೂ ಉಸಿರಾಡುತ್ತಿರುವ ವಿಶ್ವಾಸಿ,
ಸಿದ್ಧಾರೂಢ

ಅಡಕ: ೧) ಒರೆಸಿದ ಗಾಜಿನ ಫೋಟೋ (ಆಚೆ ಒಲೆ ಮಾತ್ರ ಕಾಣುತ್ತದೆ).
೨) ಶಿವಗಂಗವ್ವನವರ ಶಿಫಾರಸು: "ಬಾರವಾ, ಇವನ ಮಾರಿ ನೋಡಿ ನೋಡಿ ನನಗೂ ಸಾಕಾಗೇತಿ."

ವಿ.ಸೂ.: ತಾವು ಬಂದ ಮೇಲೆ ಕ್ರಮಸಂಖ್ಯೆ ೭ನ್ನು ಬಾಯಿಂದ ಹೇಳುವಂತೆ ಒತ್ತಾಯಿಸಬಾರದಾಗಿ ವಿನಂತಿ.