ಎರಡು ಡಬ್ಬಿಗಳ ನಡುವೆ ಫುಸಾಯೆ

ಜಪಾನಿನ ಒನೊಮಿಚಿ ಬಂದರಿನ ಹಳೆಯ ಚಿತ್ರಮಂದಿರದ ಬಾಗಿಲಲ್ಲಿ ಎರಡು ರಟ್ಟಿನ ಡಬ್ಬಿ ಇಟ್ಟದ್ದೇ ಫುಸಾಯೆಯ ಪಾಡಿಗೆ ಮೂಲವಾಯಿತು. ಒಂದರ ಮೇಲೆ ಅವಳ ಗಂಡ ಕೆನ್ಸಾಕುವಿನ ಹೆಸರು, ಇನ್ನೊಂದರ ಮೇಲೆ ಇಗಾವಾನದು. ಇಬ್ಬರೂ ಇದೇ ಊರಿನ ಓರಗೆಯವರು, ಒಬ್ಬನೇ ಗುರುವಿನ ಕೈಕೆಳಗೆ ಪಳಗಿದ ನಿರ್ದೇಶಕರು. ಆ ಭಾನುವಾರ ಒಂದೇ ಆಟದಲ್ಲಿ ಇಬ್ಬರದೂ ಒಂದೊಂದು ಚಿತ್ರ. ನೋಡಿದವರು ಹರಿದ ಟಿಕೆಟ್ಟನ್ನು ತಾವು ಮೆಚ್ಚಿದವರ ಡಬ್ಬಿಗೆ ಹಾಕಬೇಕು. ಗೆದ್ದವರ ಚಿತ್ರ ಒಂದು ವಾರ ಓಡುತ್ತದೆ. ಕೆನ್ಸಾಕುವಿನ ಚಿತ್ರ ಪರದೆ ಕಂಡು ಹನ್ನೊಂದು ವರ್ಷವಾಗಿತ್ತು. ಅಂದು ಬೆಳಿಗ್ಗೆ ಅವನು ಎರಡು ಸಲ ಗಡ್ಡ ಹೆರೆದುಕೊಂಡಿದ್ದ.

ಬೆಳಗಿನ ಆಟ ಮುಗಿಸಿ ಫುಸಾಯೆ ಗಂಡನ ಡಬ್ಬಿಯತ್ತ ಕೈ ಚಾಚಿದಳು. ತೋಫು ಅಂಗಡಿಯ ಓಗುಶಿ ಮೀನು ಕಂಡ ಬೆಕ್ಕಿನಂತೆ ಪಕ್ಕದಲ್ಲೇ ನಿಂತಿದ್ದಳು.

“ನಿಮ್ದೇನ್ ಬಿಡಿ ಅಕ್ಕ, ಯಾರಿಗೆ ಹಾಕ್ತೀರಂತ ಕೇಳೋ ಹಾಗೇ ಇಲ್ಲ.”

ಮನೆಯವರನ್ನು ಪರರೆದುರು ಹೊಗಳುವುದುಂಟೇ? ಮೂವತ್ತು ವರ್ಷಗಳಿಂದ ಯಾರು ಹೊಗಳಿದರೂ ಫುಸಾಯೆಯ ಉತ್ತರ ಒಂದೇ: “ಅಯ್ಯೋ, ನಮ್ಮನೆಯವರ ಸಿನಿಮಾ ನಿದ್ದೆ ಮಾತ್ರೆ ಇದ್ದ ಹಾಗೆ.” ಈಗಲೂ ನಾಲಿಗೆ ಅದನ್ನೇ ನುಡಿಯಿತು. ಕೈ ನಾಲಿಗೆಯ ಹಿಂದೆಯೇ ಹೋಗಿ ಟಿಕೆಟ್ಟನ್ನು ಇಗಾವಾನ ಡಬ್ಬಿಗೆ ಬಿಟ್ಟಿತು.

ಬೀದಿಗಿಳಿದವಳು, ಈ ಸಲ ಗಂಡನಿಗೇ ಹಾಕುವೆನೆಂದು ಅಲ್ಲಿಂದಲೇ ತಿರುಗಿದಳು. ಮತ್ತೆ ಟಿಕೆಟ್ ಕೊಂಡು, ಮತ್ತೆ ನಾಲ್ಕು ಗಂಟೆ ಕೂತಳು. ಗಂಡನ ಚಿತ್ರದಲ್ಲಿ ಒಬ್ಬ ಹೆಂಗಸು ಕಿಟಕಿಯ ಬಳಿ ಸುಮ್ಮನೆ ಬಟ್ಟೆ ಮಡಿಸುವ ದೃಶ್ಯವಿತ್ತು. ಅದು ತಾನು ಮಡಿಸುವ ರೀತಿ, ತೋಳನ್ನು ಒಳಗೆ ಸೇರಿಸಿ ಅಂಗೈಯಿಂದ ಸವರುವುದು. ಫುಸಾಯೆಯ ಕಣ್ಣು ತುಂಬಿತು. ಚೆನ್ನಾಗಿದೆ ಎಂದು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ.

ಹೊರಬಂದರೆ ಡಬ್ಬಿಗಳ ಮುಂದೆ ಇಗಾವಾನ ಹೆಂಡತಿ. ಇಬ್ಬರೂ ಬಾಗಿದರು, ಮತ್ತೆ ಬಾಗಿದರು, ನೀರಿಗೆ ಕೊಕ್ಕು ಹಾಕುವ ಕೊಕ್ಕರೆಗಳ ಹಾಗೆ.

“ನಮ್ಮೋರದ್ದು ಬರೀ ಗದ್ದಲ ಕಣ್ರೀ. ಸಿನಿಮಾ ಅಂದ್ರೆ ನಿಮ್ಮೋರದ್ದು,” ಎನ್ನುತ್ತ ಅವಳು ಟಿಕೆಟ್ಟನ್ನು ಕೆನ್ಸಾಕುವಿನ ಡಬ್ಬಿಗೆ ಹಾಕಿದಳು.

ಅಷ್ಟು ಮರ್ಯಾದೆ ತೋರಿದವಳೆದುರು ಫುಸಾಯೆ ಇನ್ನೇನು ಮಾಡಿಯಾಳು? “ಬಿಡ್ತು ಅನ್ನಿ, ಅವರೆಲ್ಲಿ, ನಮ್ಮೋರೆಲ್ಲಿ,” ಎಂದು ಎರಡನೆಯದನ್ನೂ ಇಗಾವಾನಿಗೇ ಹಾಕಿದಳು. ಮೂರನೆಯ ಆಟವಿರಲಿಲ್ಲ.

ಆರು ಗಂಟೆಗೆ ಕೆನ್ಸಾಕು ಬಂದು ಎಲ್ಲರ ಹಿಂದೆ ನಿಂತ. ಚಿತ್ರಮಂದಿರದ ಯಜಮಾನ ಎಣಿಸಿ ಹೇಳಿದ: ಇಗಾವಾನಿಗೆ ನಲವತ್ತೆರಡು, ಕೆನ್ಸಾಕುವಿಗೆ ನಲವತ್ತೊಂದು.

“ಒಂದರಲ್ಲಿ ಹೋಯ್ತಲ್ಲ, ಪಾಪ,” ಎಂದು ಓಗುಶಿ ಫುಸಾಯೆಯ ಕಿವಿಯಲ್ಲಿ ಪಿಸುಗುಟ್ಟಿದಳು. “ನಾನೂ ಇಗಾವಾಗೇ ಹಾಕಿದ್ದು ಅಕ್ಕ. ಹೆಂಡ್ತೀನೇ ನಿದ್ದೆ ಬರತ್ತೆ ಅಂದ್ಮೇಲೆ ಇನ್ನೇನು.”

ದಾರಿಯುದ್ದಕ್ಕೂ ಫುಸಾಯೆ ಗಂಡನಿಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದಳು. ಮನೆಗೆ ಬಂದು ಚಹಾ ಬಗ್ಗಿಸಿ, ಹೇಳಿಬಿಡುವುದೇ ಸರಿ ಎಂದು ಮಂಡಿಯೂರಿ ಕೂತಳು.

“ರೀ, ಒಂದು ಮಾತು…”

“ನಲವತ್ತೊಂದು ಕಣೇ,” ಎಂದ ಕೆನ್ಸಾಕು. ಅವನ ಮುಖ ಹಬ್ಬದ ದೀಪದ ಹಾಗಿತ್ತು. “ನಾನು ಒಂದೇ ಬರತ್ತೆ ಅಂದ್ಕೊಂಡಿದ್ದೆ, ನಿಂದು. ಉಳಿದ ನಲವತ್ತು ಜನ ಯಾರಿರಬಹುದು, ಹೇಳು.”